ಕಾರು ನಿಂತರೆ ತಾನೆ ಊರಿಗೆ ಕಾಸು!

ಬೆಳಗ್ಗೆ ಗೈಡ್ ಜತೆ ಊರಿನ ಗುಡಿ, ಪೇಟೆ, ಚೌಕ ನೋಡುವುದು. ಮಧ್ಯಾಹ್ನ ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರಿನ ಸ್ಟೇರಿಂಗ್ ಹಿಡಿದು ಒಂದು ಸುತ್ತು ಹೊಡೆಯುವುದು. ಇಂಥದೊಂದು ಪ್ರವಾಸ ಈಗ ಪರದೇಶಗಳಲ್ಲಿ ಟಿಕೆಟ್ಟಿಗೆ ಸಿಗುತ್ತದೆ. ಇಟಲಿಯಲ್ಲಿ ಉಂಟು, ಅಮೆರಿಕದ ಲಾಸ್ ವೇಗಾಸಿನಲ್ಲಿ ಉಂಟು, ದುಬೈಯಲ್ಲೂ ಉಂಟು. ಕಾರು ಕೊಳ್ಳುವ ಶಕ್ತಿ ಇಲ್ಲದವನೂ ಹತ್ತು ನಿಮಿಷ ಶ್ರೀಮಂತನಾಗಿ ಮನೆಗೆ ಹೋಗಬಹುದು.

ಅದಕ್ಕೂ ಅರಳಗುಪ್ಪೆಗೂ ಏನಪ್ಪಾ ಸಂಬಂಧ ಅಂತ ಕೆ.ಬಿ. ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರು ಕೇಳಬಹುದು. ಸಂಬಂಧ ಇದೆ. ಬೆಂಗಳೂರಿನ ದುಬಾರಿ ಕಾರುಗಳಿಗೆ ಭಾನುವಾರದ ಬೆಳಗ್ಗೆ ಊರಾಚೆಯ ಅಗಲ ರಸ್ತೆ ಬೇಕು. ಬಿ.ಎಚ್. ರಸ್ತೆ ಅಗಲವಾಗುತ್ತಿದೆ. ಇಂದಲ್ಲ ನಾಳೆ ಈ ಕಾರುಗಳು ತೆಂಗಿನ ಸೀಮೆಗೆ ನುಗ್ಗುವುದು ಖಂಡಿತ. ಬರಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬಂದವರು ಇಲ್ಲಿ ನಿಲ್ಲುತ್ತಾರೋ, ಧೂಳೆಬ್ಬಿಸಿ ಹೋಗುತ್ತಾರೋ? ಪ್ರಶ್ನೆ ಇರುವುದು ಅಷ್ಟೇ. ಕಾರು ಎಷ್ಟು ಜೋರಾಗಿ ಹೋಯಿತು ಅನ್ನುವುದು ಹುಡುಗರಿಗೆ ಮುಖ್ಯ. ಎಲ್ಲಿ ನಿಂತಿತು ಅನ್ನುವುದು ಅಂಗಡಿಯವರಿಗೆ ಮುಖ್ಯ.

ಮದ್ದೂರಿನ ಪಾಠ

ಅಗಲ ರಸ್ತೆ ಬಂದರೆ ಪೇಟೆ ಉದ್ಧಾರ ಆಗುತ್ತದೆ ಎಂದು ನಂಬಿದವರು ಮದ್ದೂರಿನ ಕಡೆ ಒಮ್ಮೆ ನೋಡಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲವೂ ಬೈಪಾಸಿನ ಆಚೆ ಬಿದ್ದವು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಪ್ರಯಾಣಿಕನಿಗೆ ಉಳಿದ ಆ ಒಂದೂವರೆ ಗಂಟೆ ಯಾರದ್ದು? ಬಿಡದಿಯ ತಟ್ಟೆ ಇಡ್ಲಿಯವನದ್ದು, ಚನ್ನಪಟ್ಟಣದ ಗೊಂಬೆ ಅಂಗಡಿಯವನದ್ದು, ಮದ್ದೂರು ವಡೆಯವನದ್ದು. ಹಳೇ ರಸ್ತೆಯ ವ್ಯಾಪಾರ ಬಿದ್ದುಹೋಯಿತು ಎಂದು ಅಲ್ಲಿಯ ಹೋಟೆಲಿನವರು, ಗೊಂಬೆಯವರು ಕೂಗಿಕೊಂಡಿದ್ದು ಆಗ ಎಲ್ಲ ಪತ್ರಿಕೆಗಳಲ್ಲೂ ಬಂತು.

ರಸ್ತೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಆಸ್ಪತ್ರೆಗೆ ಹೋಗುವವನಿಗೆ, ತರಕಾರಿ ಲಾರಿಯವನಿಗೆ ಆ ರಸ್ತೆ ವರವೇ. ಆದರೆ ಹಳೇ ರಸ್ತೆಯಲ್ಲಿ ಗಾಡಿಗಳು ನಿಲ್ಲುತ್ತಿದ್ದುದು ಪ್ರೀತಿಯಿಂದಲ್ಲ, ದಾರಿ ಅಲ್ಲೇ ಇತ್ತು ಅಂತ. ದಾರಿ ಬೇರೆ ಆಯಿತು, ಗಿರಾಕಿಯೂ ಬೇರೆ ಕಡೆ ಹೋದ. ನಿಲ್ಲುವುದಕ್ಕೆ ಬೇರೆ ಕಾರಣ ಹುಡುಕಿಕೊಂಡ ಅಂಗಡಿ ಉಳಿಯಿತು. ದಾರಿಯನ್ನೇ ನಂಬಿ ಕೂತದ್ದು ಸೊರಗಿತು.

ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಕೆಲಸವನ್ನು ತುಂಡು ತುಂಡಾಗಿ ಹಂಚಿದ್ದಾರೆ. ಮಲ್ಲಸಂದ್ರದಿಂದ ಕರಡಿವರೆಗೆ ಒಂದು ತುಂಡು, ಕರಡಿಯಿಂದ ಬಾಣಾವರದವರೆಗೆ ಇನ್ನೊಂದು. ಅರಳಗುಪ್ಪೆ ಇರುವುದು ಈ ಕರಡಿಯ ಆಸುಪಾಸಿನಲ್ಲೇ. ಅಗಲ ರಸ್ತೆ ಪೇಟೆಯ ಬೀದಿಯೊಳಗೆ ನುಗ್ಗುವುದಿಲ್ಲ, ಪೇಟೆಯನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ತಿಪಟೂರಿನಲ್ಲಿ ಕಾಫಿ ಕುಡಿದು ಮುಂದಕ್ಕೆ ಹೋಗುತ್ತಿದ್ದ ಶಿವಮೊಗ್ಗದ ಕಾರಿನವನು ನಾಳೆ ಬೈಪಾಸಿನ ಮೇಲಿಂದ ತೆಂಗಿನ ಗರಿ ನೋಡಿಕೊಂಡು ಸಾಗುತ್ತಾನೆ. ಸಾಮಾನ್ಯ ಕಾರಿನವನೇ ಹೀಗೆ ಮಾಡಿದರೆ, ಓಡಿಸುವ ಖುಷಿಗೇ ಹೊರಟ ಸ್ಪೋರ್ಟ್ಸ್ ಕಾರಿನವನ ಕತೆ ಕೇಳಬೇಕೆ?

ಎರಡು ಸೀಟಿನ ಲೆಕ್ಕ

ಇಲ್ಲೊಂದು ಸಣ್ಣ ಲೆಕ್ಕ ಇದೆ, ಪ್ರವಾಸೋದ್ಯಮದ ದೊಡ್ಡ ಭಾಷಣಗಳಲ್ಲಿ ಅದು ಕೇಳಿಬರುವುದಿಲ್ಲ. ಸ್ಪೋರ್ಟ್ಸ್ ಕಾರುಗಳಲ್ಲಿ ಬಹುಪಾಲಿಗೆ ಇರುವುದೇ ಎರಡು ಸೀಟು. ಒಂದರಲ್ಲಿ ಓಡಿಸುವವನು. ಬಾಡಿಗೆ ಕಾರಾದರೆ ಇನ್ನೊಂದರಲ್ಲಿ ಕಂಪನಿಯ ಮೇಷ್ಟ್ರು. ಗೈಡ್ ಎಲ್ಲಿ ಕೂರಬೇಕು? ಡಿಕ್ಕಿಯಲ್ಲಾ?

ಅದಕ್ಕೇ ಹೊರದೇಶಗಳಲ್ಲಿ ಇವೆರಡನ್ನೂ ಬೇರೆ ಬೇರೆ ಮಾಡಿದ್ದಾರೆ. ಊರು ನೋಡುವುದು ಕಾಲ್ನಡಿಗೆಯಲ್ಲಿ ಇಲ್ಲವೇ ಬಸ್ಸಿನಲ್ಲಿ. ಕಾರು ಓಡಿಸುವುದು ಆಮೇಲೆ. ಕಾರಿನೊಳಗಿಂದ ಊರು ಕಾಣುವುದಿಲ್ಲ ಎನ್ನುವುದು ಆ ವ್ಯಾಪಾರ ಮಾಡುವವರಿಗೇ ಚೆನ್ನಾಗಿ ಗೊತ್ತು.

ಇಲ್ಲಿಯ ಬಸ್ಸನ್ನು ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಮರು ವಾರದಿಂದಲೇ ಧರ್ಮಸ್ಥಳ, ಕುಕ್ಕೆ ಮುಂತಾದ ಕ್ಷೇತ್ರಗಳ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮನೆಯಿಂದ ಹೊರಗೇ ಹೋಗದ ಅಜ್ಜಿಯರು, ಸೊಸೆಯರು ಊರು ನೋಡಿಬಂದರು. ಅದಕ್ಕೆ ಯಾರೂ ‘ಲಕ್ಷುರಿ ಟೂರ್’ ಅಂತ ಹೆಸರಿಡಲಿಲ್ಲ. ಆದರೆ 50 ಜನರ ಬಸ್ಸೊಂದು ನಿಂತರೆ ಹೂವಿನವಳಿಗೆ, ಹಣ್ಣುಕಾಯಿ ಅಂಗಡಿಗೆ, ಟೀ ಅಂಗಡಿಗೆ ಅಷ್ಟಷ್ಟು ಚಿಲ್ಲರೆ. ಹನಿಗೂಡಿದರೆ ಹಳ್ಳ. ಎರಡು ಸೀಟಿನ ಕಾರು ನಿಂತರೆ ಎರಡು ಎಳನೀರು. ಅದೂ ಒಬ್ಬನಿಗೆ ಶೀತ ಆಗದಿದ್ದರೆ!

ಹಾಗಾದರೆ ಸ್ಪೋರ್ಟ್ಸ್ ಕಾರಿನವನಿಂದ ಊರಿಗೆ ಏನೂ ಇಲ್ಲವಾ? ಇದೆ. ಆದರೆ ಅವನ ಜೇಬಿಗೆ ದಾರಿ ಬೇರೆ. ಅವನು ಬಹಳ ಕೊಳ್ಳುವುದಿಲ್ಲ. ಕೊಂಡರೆ ಒಳ್ಳೆಯದನ್ನೇ ಕೊಳ್ಳುತ್ತಾನೆ, ಕತೆ ಇರುವುದನ್ನು ಕೊಳ್ಳುತ್ತಾನೆ. ಇದನ್ನು ಚೆನ್ನಾಗಿ ಅರಿತ ಸೀಮೆಯೊಂದು ಇಟಲಿಯಲ್ಲಿದೆ.

ಅಲ್ಲೂ ಅಟ್ಟ, ಇಲ್ಲೂ ಅಟ್ಟ

ಇಟಲಿಯ ಮೊಡೆನಾ ಎಂಬ ಊರು, ಅದರ ಮಗ್ಗುಲಿಗೆ ಸುಮಾರು 18 ಕಿಲೋಮೀಟರಿನಲ್ಲಿ ಮರನೆಲ್ಲೊ ಎಂಬ ಸಣ್ಣ ಪಟ್ಟಣ. ಫೆರಾರಿ ಕಾರು ಹುಟ್ಟುವುದು ಈ ಮರನೆಲ್ಲೊದಲ್ಲಿ. ಎನ್ಜೊ ಫೆರಾರಿ ತನ್ನ ಕಾರ್ಖಾನೆಯನ್ನು 1943ರಲ್ಲಿ ಇಲ್ಲಿಗೆ ತಂದ. ಅವನ ಹೆಸರು ಹೊತ್ತ ಮೊದಲ ಕಾರು 1947ರಲ್ಲಿ ರಸ್ತೆಗೆ ಇಳಿಯಿತು. ಇವತ್ತು ಅಲ್ಲಿ ಕಾರಿನ ಮ್ಯೂಸಿಯಂ ಇದೆ. ಮ್ಯೂಸಿಯಂ ಬಾಗಿಲಿನ ಹತ್ತಿರವೇ ಬಾಡಿಗೆ ಕಾರಿನ ಅಂಗಡಿಗಳಿವೆ. ದುಡ್ಡು ಕಟ್ಟಿದರೆ ಪಕ್ಕದಲ್ಲಿ ಮೇಷ್ಟ್ರು ಕೂತು, ನಿಮಿಷದ ಲೆಕ್ಕದಲ್ಲಿ ಫೆರಾರಿ ಓಡಿಸಲು ಬಿಡುತ್ತಾರೆ. ಕಾರ್ಖಾನೆಯ ಒಳಗಿನ ಬೀದಿ ನೋಡಬೇಕಾದರೆ ಮಾತ್ರ ಬಸ್ಸಿನಲ್ಲೇ ಕೂತು ನೋಡಬೇಕು, ಕೆಳಗೆ ಇಳಿಯುವ ಹಾಗಿಲ್ಲ.

ಅತ್ತ ಮೊಡೆನಾದಲ್ಲಿ ನೂರಾರು ವರ್ಷದ ಕಲ್ಲಿನ ಇಗರ್ಜಿ, ಗೋಪುರ, ಚೌಕ ಇದೆ. ಮೂರೂ ಸೇರಿ 1997ರಲ್ಲಿ ಯುನೆಸ್ಕೊ ಪಟ್ಟಿಗೆ ಹೋದವು. ಕಾರಿನ ಹುಚ್ಚಿನವನನ್ನು ಅಲ್ಲಿಯವರು ಮೊದಲು ಆ ಚೌಕಕ್ಕೆ ಕರೆದೊಯ್ಯುತ್ತಾರೆ, ಆಮೇಲೆ ರೈತನ ಮನೆಯ ಅಟ್ಟಕ್ಕೆ ಹತ್ತಿಸುತ್ತಾರೆ.

ಅಟ್ಟ ಯಾಕೆ? ಆ ಸೀಮೆಯ ಹೆಸರಾಂತ ಸರಕು ದ್ರಾಕ್ಷಿ ರಸದ ವಿನೆಗರ್. ಬಾಲ್ಸಾಮಿಕ್ ಅನ್ನುತ್ತಾರೆ. ದ್ರಾಕ್ಷಿ ರಸವನ್ನು ಕಾಯಿಸಿ, ಮರದ ಪೀಪಾಯಿಗಳಲ್ಲಿ ತುಂಬಿ, ಮನೆಯ ಅಟ್ಟದಲ್ಲಿ ಇಡುತ್ತಾರೆ. ಬೇಸಿಗೆಯ ಕಾವು, ಚಳಿಗಾಲದ ತಂಪು ಎರಡೂ ಅದಕ್ಕೆ ತಾಗಬೇಕು. ಸಾಂಪ್ರದಾಯಿಕ ವಿನೆಗರ್ ಎಂದು ಮುದ್ರೆ ಬೀಳಬೇಕಾದರೆ ಕನಿಷ್ಠ 12 ವರ್ಷ ಅಟ್ಟದಲ್ಲಿ ಇರಬೇಕು. ಮೇಲು ದರ್ಜೆಯದಕ್ಕೆ 25 ವರ್ಷ. ಮಾರುವುದು 100 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿ. ಆ ಬಾಟಲಿಗೆ ಆಕಾರ ಕೊಟ್ಟವನು ಯಾರು ಗೊತ್ತಾ? ಜಾರ್ಜೆಟ್ಟೊ ಜಿಯುಜಾರೊ ಎಂಬ ಕಾರು ವಿನ್ಯಾಸಗಾರ. ಒಂದು ಕಾಲಕ್ಕೆ ಇಲ್ಲಿಯ ರಸ್ತೆಗಳಲ್ಲೂ ಓಡಾಡಿದ ಪುಟಾಣಿ ಮಾಟಿಜ್ ಕಾರಿನ ರೂಪ ಬಂದದ್ದು ಆತನ ಸಂಸ್ಥೆಯಿಂದಲೇ. ಕಾರಿಗೂ ರೈತನ ಸರಕಿಗೂ ಅಲ್ಲಿ ಹೀಗೆ ಗಂಟು ಬಿದ್ದಿದೆ. ಹತ್ತು ನಿಮಿಷ ಫೆರಾರಿ ಓಡಿಸಲು ಬಂದವನು ಬೆಳಗಿನಿಂದ ಸಂಜೆವರೆಗೆ ಆ ಸೀಮೆಯಲ್ಲೇ ಉಳಿಯುತ್ತಾನೆ, ಹೋಗುವಾಗ ರೈತನ ಬಾಟಲಿ ಕೊಂಡು ಹೋಗುತ್ತಾನೆ.

ಇನ್ನು ತಿಪಟೂರಿಗೆ ಬನ್ನಿ. ಉಂಡೆ ಕೊಬ್ಬರಿ ಆಗುವುದು ಎಲ್ಲಿ? ಅಟ್ಟದಲ್ಲಿ! ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ಹೆಚ್ಚು ಕಡಿಮೆ ವರ್ಷದತನಕ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಳ್ಳಬೇಕು. ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಲೊಡ ಅನ್ನಬೇಕು. ಅವಸರ ಮಾಡಿದರೆ ಕೊಬ್ಬರಿ ಕೆಟ್ಟಿತು. ಇದು ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಬೆಂಗಳೂರಿನ ಅಂಗಡಿಯಲ್ಲಿ ಕೊಬ್ಬರಿ ಕೊಳ್ಳುವವರಲ್ಲಿ ಎಷ್ಟು ಜನ ಅಟ್ಟ ಕಂಡಿದ್ದಾರೆ? ವಿನೆಗರಿನ ಅಟ್ಟ ನೋಡಲು ಜನ ಇಟಲಿಗೆ ವಿಮಾನ ಹತ್ತುತ್ತಾರೆ. ಕೊಬ್ಬರಿಯ ಅಟ್ಟ ಹತ್ತಿಸಿ ತೋರಿಸಿದರೆ ನೋಡುವುದಿಲ್ಲವೆ?

ಕೊಬ್ಬರಿಯ ಬೆಲೆ ಹೇಗೆ ಕುಣಿಯುತ್ತದೆ ಅನ್ನುವುದು ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಪೇಟೆ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗೆ ಇಳಿದರು. 2025ರ ಹಂಗಾಮಿಗೆ ಬೆಂಬಲ ಬೆಲೆ 12,100. ಆ ವರ್ಷದ ನಡುವಿನಲ್ಲಿ ಪೇಟೆ ದರ ಅದರ ದುಪ್ಪಟ್ಟನ್ನೂ ದಾಟಿತು. ಬಿದ್ದಾಗ ಸಾಲ, ಎದ್ದಾಗ ಅಟ್ಟ ಖಾಲಿ. ಹರಾಜಿನ ಕಟ್ಟೆಯ ಆಚೆಗೂ ನಾಲ್ಕು ಕಾಸು ಹುಟ್ಟುವ ದಾರಿ ಇದ್ದರೆ ಬೆಲೆ ಬಿದ್ದ ವರ್ಷ ರೈತನಿಗೆ ಅಷ್ಟರ ಮಟ್ಟಿಗೆ ಆಸರೆ. ಪ್ರವಾಸದ ಮಾತು ಇಲ್ಲಿ ಷೋಕಿಯ ಮಾತಲ್ಲ.

ಹಿತ್ತಲ ಗಿಡ ಮದ್ದಲ್ಲ

ಅಟ್ಟ ತಿಪಟೂರಿನಲ್ಲಿ ಸಿಕ್ಕಿತು. ಮೊಡೆನಾದ ಚೌಕದಂಥದ್ದು? ಅದು ಅರಳಗುಪ್ಪೆಯಲ್ಲಿ ಇದೆ.

ಊರಿನ ಕಲ್ಲೇಶ್ವರ ಗುಡಿ ನೊಳಂಬರ ಕಾಲದ್ದು, 9ನೇ ಶತಮಾನದ ಕೊನೆಯದು. ಬೇಲೂರಿನ ಗುಡಿಗಿಂತ ಇನ್ನೂರು ವರ್ಷಕ್ಕೂ ಹಳೆಯದು. ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಒಳಗೆ ಹೋಗಿ ನವರಂಗದ ನಡುವೆ ನಿಂತು ಕತ್ತು ಎತ್ತಬೇಕು. ಛಾವಣಿಯಲ್ಲಿ ನಟರಾಜ ಕುಣಿಯುತ್ತಿದ್ದಾನೆ, ಬಳಿಯಲ್ಲಿ ವಾದ್ಯದವರು. ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಇಂದ್ರ ಆನೆ ಮೇಲೆ, ಅಗ್ನಿ ಟಗರಿನ ಮೇಲೆ, ಯಮ ಕೋಣನ ಮೇಲೆ, ವರುಣ ಮಕರದ ಮೇಲೆ… ಹೀಗೆ ಒಬ್ಬೊಬ್ಬರೂ ಅವರವರ ವಾಹನದೊಂದಿಗೆ. ನೊಳಂಬರ ಶಿಲ್ಪದಲ್ಲೇ ಎಣಿಸಿ ಹೇಳಬೇಕಾದ ಕೆಲಸ ಎಂದು ತಿಳಿದವರು ಹೊಗಳಿದ ಛಾವಣಿ ಇದು. ದಿಕ್ಪಾಲಕರೇ ವಾಹನ ತರುಬಿ ನೋಡುತ್ತಿರುವ ಕುಣಿತವನ್ನು ಕಾರಿನವನು ಬಿಟ್ಟು ಹೋದರೆ ನಷ್ಟ ಅವನದ್ದೂ ಹೌದು.

ಹತ್ತಿರದಲ್ಲೇ ಚೆನ್ನಕೇಶವ ಗುಡಿ. ಇದು ಹೊಯ್ಸಳರದ್ದು, 13ನೇ ಶತಮಾನದ್ದು. ಜಗತಿಯ ಮೇಲೆ ನಕ್ಷತ್ರದ ಆಕಾರದಲ್ಲಿ ಎದ್ದಿದೆ, ಹೊರಗೋಡೆಯ ತುಂಬ ಶಿಲ್ಪ. ಕೆತ್ತಿದವರಲ್ಲಿ ಹೊನೋಜ ಎಂಬಾತ ಹೆಸರು ಬಿಟ್ಟುಹೋಗಿದ್ದಾನೆ. ಒಂದೇ ಊರಿನಲ್ಲಿ, ನಾಲ್ಕು ಹೆಜ್ಜೆಯಲ್ಲಿ, ಮುನ್ನೂರೈವತ್ತು ವರ್ಷದ ಅಂತರದ ಎರಡು ಕಾಲ, ಎರಡು ಕೈ. ಗೈಡ್ ಆದವನಿಗೆ ಇದಕ್ಕಿಂತ ಸುಲಭದ ಪಾಠ ಬೇಕೆ?

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಸಂತೋಷ. ಅರಳಗುಪ್ಪೆ ಆ ಪಟ್ಟಿಯಲ್ಲಿ ಇಲ್ಲ. ಬೆಂಗಳೂರಿನಿಂದ ಬೇಲೂರಿಗೆ ಹೊರಡುವ ಪ್ರವಾಸಿ ಕುಣಿಗಲ್, ಚನ್ನರಾಯಪಟ್ಟಣ, ಹಾಸನ ಹಿಡಿದು ಹೋಗುತ್ತಾನೆ. ಶಿವಮೊಗ್ಗದ ಕಡೆ ಹೊರಟವನು ಬಿ.ಎಚ್. ರಸ್ತೆ ಹಿಡಿದು ಹೋಗುತ್ತಾನೆ. ಎರಡು ಹೆದ್ದಾರಿಯ ನಡುವೆ ಸಿಕ್ಕಿಬಿದ್ದ ಊರು ಅರಳಗುಪ್ಪೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ದಿನಾ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡುವ ತಿಪಟೂರಿನವರಲ್ಲೇ ಎಷ್ಟೋ ಜನ ಈ ಛಾವಣಿ ನೋಡಿಲ್ಲ.

ಆದರೆ ನಡುವೆ ಇರುವುದೇ ಅನುಕೂಲವೂ ಆಗಬಹುದು. ಹಾಸನದ ಹೆದ್ದಾರಿಯ ಬೆಳ್ಳೂರು ಕ್ರಾಸಿನಲ್ಲಿ ತಿರುಗಿದರೆ ಮಾಯಸಂದ್ರ, ತುರುವೇಕೆರೆ, ಕೆ.ಬಿ. ಕ್ರಾಸ್. ತುರುವೇಕೆರೆಯಲ್ಲಿ ಹೊಯ್ಸಳರ ಗುಡಿಗಳು, ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ನುಣುಪು ನಂದಿ. ಅಲ್ಲಿಂದ ಅರಳಗುಪ್ಪೆ. ಅಲ್ಲಿಂದ ತಿಪಟೂರಿನ ಅಟ್ಟ, ಕೊಬ್ಬರಿ ಪೇಟೆ. ಇನ್ನೂ ಹೊತ್ತಿದ್ದರೆ ಚಿಕ್ಕನಾಯಕನಹಳ್ಳಿ ಕಡೆಯ ಸೆಟ್ಟಿಕೆರೆ, 1261ರ ಯೋಗಮಾಧವ ಗುಡಿ. ಹಿಂದಿರುಗುವುದು ಬಿ.ಎಚ್. ರಸ್ತೆಯಲ್ಲಿ, ಗುಬ್ಬಿ, ತುಮಕೂರು ಮೇಲೆ. ಹೋದ ದಾರಿಯಲ್ಲಿ ವಾಪಸು ಬರದ, ಒಂದೇ ದಿನದ ಸುತ್ತು. ಕಾರಿನವನು ಬಯಸುವುದು ಇದನ್ನೇ. ಬಸ್ಸಿನವನಿಗೂ ಇದು ಸರಿಯಾಗುತ್ತದೆ.

ಫೆರಾರಿಗೂ ಅಂಬಾಸಡರಿಗೂ ಒಂದೇ ಕಾನೂನು

ಇಷ್ಟು ಹೇಳಿದ ಮೇಲೆ ಅಪಾಯದ ಮಾತನ್ನೂ ಆಡಲೇಬೇಕು. ಸುತ್ತು ಹೊಡೆಯುವುದು ಅಂದರೆ ರೇಸು ಹೊಡೆಯುವುದು ಅಂತ ತಿಳಿದವರಿದ್ದಾರೆ.

2018ರ ಕೇಂದ್ರದ ಆದೇಶದ ಪ್ರಕಾರ ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿನ ವೇಗ ಗಂಟೆಗೆ 100 ಕಿಲೋಮೀಟರ್ ಮೀರಬಾರದು. ಒಳರಸ್ತೆಯಲ್ಲಿ 70. ರಾಜ್ಯ ಸರ್ಕಾರ ಇನ್ನೂ ಇಳಿಸಬಹುದು, ಏರಿಸುವ ಹಾಗಿಲ್ಲ. 300 ಕಿಲೋಮೀಟರ್ ಓಡಬಲ್ಲ ಕಾರಿಗೂ ಇದೇ, ಅಜ್ಜನ ಕಾಲದ ಅಂಬಾಸಡರಿಗೂ ಇದೇ. ರಸ್ತೆಯ ಮೇಲೆ ಪಂದ್ಯ ಕಟ್ಟಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಏರಿದ ಮೇಲೆ ಕ್ಯಾಮೆರಾ ಕೂರಿಸಿದರು. 130 ದಾಟಿದವರ ಮೇಲೆ ಎಫ್‌ಐಆರ್ ಹಾಕುತ್ತೇವೆ ಅಂತ 2024ರ ಆಗಸ್ಟಿನಿಂದ ಪೊಲೀಸರು ಬಿಗಿ ಮಾಡಿದರು. ಅಲ್ಲಿ ಜನ ಸತ್ತ ಮೇಲೆ ಬಂದ ಕ್ಯಾಮೆರಾ ಇಲ್ಲಿ ಮೊದಲೇ ಬರಬಾರದೆ?

ತೆಂಗಿನ ಸೀಮೆಯ ರಸ್ತೆ ಯಾರದ್ದು ಎಂದು ನೆನಪಿರಲಿ. ಶಾಲೆಗೆ ನಡೆದು ಹೋಗುವ ಮಕ್ಕಳದ್ದು, ಎಮ್ಮೆ ಹೊಡ್ಕೊಂಡು ಬರುವ ಹೆಂಗಸಿನದ್ದು, ಕಾಯಿ ತುಂಬಿದ ಟ್ರಾಕ್ಟರಿನದ್ದು, ಟಿವಿಎಸ್ ಮೇಲೆ ಎಳನೀರು ಗೊನೆ ಕಟ್ಟಿಕೊಂಡವನದ್ದು. ಜೋರಾಗಿ ಓಡಿಸಲೇಬೇಕು ಅನ್ನುವವರಿಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿನ ಪಥ ಇದೆ. ಅಲ್ಲಿ ಅಡ್ಡ ಬರಲು ಎಮ್ಮೆ ಇರುವುದಿಲ್ಲ.

ಹಳ್ಳಿಗಳಿಗೆ ಒಂದು ರಕ್ಷಣೆ ಇದ್ದೇ ಇದೆ, ಅದು ರಸ್ತೆ ಉಬ್ಬು. ನಿಯಮದ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಊರವರು ಸಿಟ್ಟಿಗೆದ್ದು ರಾತ್ರೋರಾತ್ರಿ ಹಾಕಿಸಿದ ಉಬ್ಬಿಗೆ ಅಳತೆ ಎಲ್ಲಿಯದು? ನೆಲಕ್ಕೂ ಹೊಟ್ಟೆಗೂ ನಡುವೆ ಗೇಣು ಜಾಗವೂ ಇರದ ಕಾರು ಅದನ್ನು ದಾಟುವುದರೊಳಗೆ ಮಾಲೀಕನ ಎದೆ ಬಾಯಿಗೆ ಬಂದಿರುತ್ತದೆ. ಆದರೆ ಅದೇ ಉಬ್ಬು ರಾತ್ರಿ ಹೊತ್ತು ಬೈಕಿನವನ ಸೊಂಟವನ್ನೂ ಮುರಿಯುತ್ತದೆ. ಸರಿಯಾದ ಅಳತೆಯ ಉಬ್ಬು, ಅದರ ಮೇಲೆ ಬಿಳಿ ಪಟ್ಟಿ, ಮುಂಚಿತವಾಗಿ ಒಂದು ಫಲಕ, ಇಷ್ಟಿದ್ದರೆ ಎಲ್ಲರಿಗೂ ಕ್ಷೇಮ.

ಪ್ಲೇಟಿನ ಬಣ್ಣ ನೋಡಿ

ಬಾಡಿಗೆ ಕಾರಿನ ವ್ಯಾಪಾರಕ್ಕೆ ಕೈ ಹಾಕಬೇಕೆಂದಿರುವ ಹುಡುಗರಿಗೂ ಒಂದು ಮಾತು. ಬಿಳಿ ಪ್ಲೇಟಿನ ಮೇಲೆ ಕಪ್ಪಕ್ಷರ ಅಂದರೆ ಸ್ವಂತಕ್ಕೆ ಮಾತ್ರ. ಹಳದಿ ಪ್ಲೇಟಿನ ಮೇಲೆ ಕಪ್ಪಕ್ಷರ ಅಂದರೆ ಚಾಲಕನ ಸಮೇತ ಬಾಡಿಗೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಅಂದರೆ ಗಿರಾಕಿಯೇ ಓಡಿಸುವ ಬಾಡಿಗೆ ಕಾರು. ಅದಕ್ಕೆ 1989ರ ರೆಂಟ್ ಎ ಕ್ಯಾಬ್ ಯೋಜನೆಯ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಕನಿಷ್ಠ 50 ಕಾರು ಬೇಕು. ಗೆಳೆಯನ ಬಿಳಿ ಪ್ಲೇಟಿನ ಕಾರು ತಂದು ‘ಗಂಟೆಗೆ ಇಷ್ಟು’ ಅಂತ ಬಾಡಿಗೆಗೆ ಬಿಟ್ಟರೆ ಪರ್ಮಿಟ್ ಇಲ್ಲದ ಓಡಾಟ. 10,000 ರೂಪಾಯಿ ದಂಡ ಒಂದು ಕಡೆ. ಅದಕ್ಕಿಂತ ದೊಡ್ಡ ಹೊಡೆತ ಅಪಘಾತ ಆದಾಗ ಕಾದಿರುತ್ತದೆ. ಸ್ವಂತದ ಬಳಕೆಗೆ ಮಾಡಿಸಿದ ವಿಮೆ ಬಾಡಿಗೆ ಓಟಕ್ಕೆ ಅನ್ವಯಿಸುವುದಿಲ್ಲ.

ಸಾರಿಗೆ ಇಲಾಖೆಯೂ ಕಣ್ಣು ಮುಚ್ಚಿ ಕೂತಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೆರಿಗೆ ಕಟ್ಟದೆ ಓಡಾಡುತ್ತಿದ್ದ 30 ದುಬಾರಿ ಕಾರುಗಳನ್ನು ಒಂದೇ ಕಾರ್ಯಾಚರಣೆಯಲ್ಲಿ ಹಿಡಿದರು. ಅದೇ ವರ್ಷ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ಒಂದೇ ಕಾರಿನಿಂದ! 2025ರ ಬೆಂಬಲ ಬೆಲೆಯಲ್ಲಿ ಲೆಕ್ಕ ಹಾಕಿದರೆ 1,170 ಕ್ವಿಂಟಾಲಿಗೂ ಹೆಚ್ಚು ಉಂಡೆ ಕೊಬ್ಬರಿಯ ದುಡ್ಡು. ಎಷ್ಟು ಅಟ್ಟ ಖಾಲಿ ಆಗಬೇಕು, ಅಂದಾಜು ಮಾಡಿಕೊಳ್ಳಿ. ಕಾರಿನವರ ಹತ್ತಿರ ದುಡ್ಡಿಲ್ಲ ಅನ್ನುವ ಮಾತೇ ಇಲ್ಲ. ಅದನ್ನು ನ್ಯಾಯವಾಗಿ, ನಗುನಗುತ್ತಾ ಇಲ್ಲಿ ಬಿಚ್ಚುವ ಹಾಗೆ ಮಾಡುವುದು ಊರಿನ ಜಾಣತನ.

ಮಾಡಬೇಕಾದ್ದು ಏನು?

ಕೋಟಿಗಟ್ಟಲೆ ಯೋಜನೆ ಬೇಡ. ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ ಪುಸ್ತಕದಲ್ಲಿದೆ. ಅದರಿಂದ ದುಡ್ಡು ಬರುವ ತನಕ ಕಾಯುತ್ತಾ ಕೂತರೆ ಬೈಪಾಸ್ ಮೊದಲು ಬಂದಿರುತ್ತದೆ. ಸಣ್ಣ ಕೆಲಸಗಳು ಇವೆ.

ಒಂದು, ಫಲಕ. ನಾಲ್ಕು ಪಥದ ರಸ್ತೆಯಲ್ಲಿ ಊರ ಹತ್ತಿರ ಬಂದಾಗ ಫಲಕ ಕಂಡರೆ ಪ್ರಯೋಜನ ಇಲ್ಲ, ಅಷ್ಟರಲ್ಲಿ ಕಾರು ಮುಂದೆ ಹೋಗಿರುತ್ತದೆ. ಎರಡು ಕಿಲೋಮೀಟರ್ ಮೊದಲೇ, ಎರಡೂ ದಿಕ್ಕಿನಲ್ಲಿ, ರಾತ್ರಿಯೂ ಕಾಣುವ ಫಲಕ ಬೇಕು. ರಸ್ತೆ ಕೆಲಸ ಮುಗಿಯುವ ಮೊದಲೇ ಪಂಚಾಯಿತಿಯವರು, ಶಾಸಕರು ಹೆದ್ದಾರಿ ಪ್ರಾಧಿಕಾರಕ್ಕೆ ಇದನ್ನು ಬರೆದು ಕೊಡಬೇಕು. ಮುಗಿದ ಮೇಲೆ ಕೇಳಿದರೆ ಫೈಲು ದೆಹಲಿ ನೋಡಿಕೊಂಡು ಬರಬೇಕಾಗುತ್ತದೆ.

ಎರಡು, ಬೀಗದ ಕೈ. ದೂರದಿಂದ ಬಂದವನಿಗೆ ಗುಡಿ ಯಾವ ಹೊತ್ತು ತೆರೆದಿರುತ್ತದೆ, ಮುಚ್ಚಿದ್ದರೆ ಯಾರನ್ನು ಕೇಳಬೇಕು ಎನ್ನುವುದು ಬಾಗಿಲ ಹತ್ತಿರವೇ ಬರೆದಿರಬೇಕು. ನೂರೈವತ್ತು ಕಿಲೋಮೀಟರ್ ಬಂದು ಬೀಗ ನೋಡಿ ಹೋದವನು ಮತ್ತೆ ಬರುವುದಿಲ್ಲ, ಇನ್ನೊಬ್ಬನನ್ನೂ ಬರಗೊಡುವುದಿಲ್ಲ.

ಮೂರು, ಗೈಡ್. ಊರಿನದೇ ಹುಡುಗ ಹುಡುಗಿಯರು ನಾಲ್ಕು ಜನ ಸಾಕು. ಎಂಟು ದಿಕ್ಪಾಲಕರ ಹೆಸರು, ನೊಳಂಬರು ಯಾರು, ಹೊಯ್ಸಳರು ಯಾರು, ಉಂಡೆ ಕೊಬ್ಬರಿ ಹೇಗೆ ಆಗುತ್ತದೆ, ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಧ ಗಂಟೆ ಹೇಳಲು ಬಂದರೆ ಆಯಿತು. ಸುಳ್ಳು ಕತೆ ಕಟ್ಟುವ ಅಗತ್ಯ ಇಲ್ಲ, ನಿಜವೇ ಬೇಕಾದಷ್ಟಿದೆ.

ನಾಲ್ಕು, ಅಂಗಡಿ ಎಲ್ಲಿ ಹಾಕಬೇಕು ಅನ್ನುವುದು. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. 2010ರಿಂದ ಕಾನೂನು ಹೀಗೆ ಬಿಗಿಯಾಗಿದೆ. ಹಾಗಾಗಿ ಎಳನೀರು, ಕೊಬ್ಬರಿ, ತೆಂಗಿನ ನಾರಿನ ಸಾಮಾನಿನ ಅಂಗಡಿ, ಶೌಚಾಲಯ, ಗಾಡಿ ನಿಲ್ಲಿಸುವ ಜಾಗ ಎಲ್ಲವೂ ಊರ ಬಾಗಿಲಿನಲ್ಲಿ ಇರಲಿ. ಕಾರು ಅಲ್ಲೇ ನಿಲ್ಲಲಿ, ಮನುಷ್ಯ ನಡೆದು ಬರಲಿ. ಇಂಜಿನ್ ಗರ್ಜನೆ ಗುಡಿಗೂ ಬೇಡ, ಶಾಲೆಗೂ ಬೇಡ. ನಡೆದು ಬರುವವನ ಕಣ್ಣಿಗೆ ಹತ್ತು ಅಂಗಡಿ ಬೀಳುತ್ತವೆ, ಕಾರಿನಲ್ಲಿ ಕೂತವನಿಗೆ ಒಂದೂ ಕಾಣುವುದಿಲ್ಲ.

ಐದು, ಅಟ್ಟ. ಒಪ್ಪುವ ರೈತರ ಎರಡು ಮೂರು ಮನೆಗಳಲ್ಲಿ ಅಟ್ಟ ತೋರಿಸುವ ಏರ್ಪಾಟು. ತಲೆಗೆ ಇಷ್ಟು ಅಂತ ರೈತನಿಗೇ ನೇರವಾಗಿ ಸೇರುವ ಶುಲ್ಕ. ಕೊನೆಗೆ ಒಳ್ಳೆಯ ಗಿಟುಕು ನಾಲ್ಕು, ಚೆಂದದ ನಾರಿನ ಚೀಲದಲ್ಲಿ, ಬೆಲೆ ಬರೆದು. ಇಟಲಿಯವನು 100 ಮಿಲಿಲೀಟರಿನಲ್ಲಿ ಮಾಡಿದ್ದನ್ನು ಇಲ್ಲಿ ನಾಲ್ಕು ಗಿಟುಕಿನಲ್ಲಿ ಮಾಡಲು ಯಾರ ಅಪ್ಪಣೆ ಬೇಕು?

ಈ ಐದು ಕೆಲಸದಲ್ಲಿ ಒಂದೂ ಸ್ಪೋರ್ಟ್ಸ್ ಕಾರಿಗಾಗಿಯೇ ಮಾಡುವಂಥದ್ದಲ್ಲ. ಫಲಕ ಬಸ್ಸಿನವನಿಗೂ ಕಾಣುತ್ತದೆ. ಗೈಡ್ ಶಾಲೆ ಮಕ್ಕಳಿಗೂ ಹೇಳುತ್ತಾನೆ. ಶೌಚಾಲಯ ಶಕ್ತಿ ಬಸ್ಸಿನಲ್ಲಿ ಬಂದ ಅಜ್ಜಿಗೂ ಬೇಕು. ಬೆಂಗಳೂರು–ಅರಸೀಕೆರೆ ರೈಲು ದಾರಿಯಲ್ಲಿ ಅರಳಗುಪ್ಪೆಯ ಹೆಸರಿನ ನಿಲ್ದಾಣವೇ ಇದೆ, ರೈಲಿನಲ್ಲಿ ಬಂದವನಿಗೂ ಇಷ್ಟೇ ಬೇಕು. ಬಸ್ಸಿನವರನ್ನು ನಂಬಿ ಏರ್ಪಾಟು ಮಾಡಿದರೆ ಕಾರಿನವರೂ ಬಂದು ಸೇರಿಕೊಳ್ಳುತ್ತಾರೆ. ಬೆಲ್ಲ ಇದ್ದಲ್ಲಿ ಇರುವೆ. ಕಾರಿನವರನ್ನೇ ನಂಬಿ ಮಾಡಿದರೆ ಅವರ ಷೋಕಿ ತಿರುಗಿದ ದಿನ ಊರು ಬರಿಗೈ.

ನಾಲ್ಕು ಪಥದ ರಸ್ತೆ ಒಮ್ಮೆ ಪೂರ್ತಿಯಾದರೆ ಜನರಿಗೆ ಹೊಸ ರೂಢಿ ಬೀಳುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎನ್ನುವುದು ಮೊದಲ ಒಂದೆರಡು ವರ್ಷದಲ್ಲೇ ಗಟ್ಟಿಯಾಗಿಬಿಡುತ್ತದೆ. ಮದ್ದೂರಿನವರು ರಸ್ತೆ ಬಂದ ಮೇಲೆ ಎಚ್ಚೆತ್ತರು. ತಿಪಟೂರು, ತುರುವೇಕೆರೆ, ಕೆ.ಬಿ. ಕ್ರಾಸಿನ ವರ್ತಕರಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಫಲಕದ ಅರ್ಜಿಗೆ ಒಂದು ಹಾಳೆ ಕಾಗದ ಸಾಕು. ಅದನ್ನು ಈ ವಾರವೇ ಬರೆಯುವವರು ಯಾರು?